ಇಂಗ್ಲಿಷ್ ಮೇಷ್ಟ್ರು ಕಟ್ಟಿದ ಕನ್ನಡ ವೇದಿಕೆ

ನಮ್ಮ ವಾರ್ಷಿಕ ಇ-ಪುಸ್ತಿಕೆಯಲ್ಲಿ ಪ್ರತಿ ಸಲ ಒಬ್ಬ ಹಿರಿಯರ ಜೀವನ ಪರಿಚಯ ಇರಬೇಕು ಅನ್ನೋದು ಸಂಘದ ರೂಢಿ. ಈ ಸಲ ನಾವು ಆರಿಸಿಕೊಂಡಿದ್ದು ಬಿ.ಎಂ. ಶ್ರೀಕಂಠಯ್ಯನವರನ್ನು, ಅಂದರೆ ಶಾಲೆಯ ಪಠ್ಯಪುಸ್ತಕದಲ್ಲಿ ನಾವೆಲ್ಲ ಓದಿದ ಬಿ.ಎಂ.ಶ್ರೀ. ಅವರನ್ನು. ಇವರೇ ಯಾಕೆ ಅಂದರೆ, ಮುಂದಿನ ರಾಜ್ಯೋತ್ಸವಕ್ಕೆ ಒಂದು ಉಪನ್ಯಾಸ ಇಡಬೇಕೋ ಬೇಡವೋ ಅನ್ನೋ ವಾದ ನಮ್ಮೊಳಗೆ ಇನ್ನೂ ಮುಗಿದಿಲ್ಲ. ಹಾಡು, ಕುಣಿತ, ಬಿಸಿಬೇಳೆಬಾತ್ ಇದ್ದರೆ ಹಾಲ್ ತುಂಬುತ್ತದೆ. ಉಪನ್ಯಾಸ ಅಂದರೆ ಕುರ್ಚಿ ಖಾಲಿ. ಅರ್ಧ ಗಂಟೆ ಭಾಷಣಕ್ಕೆ ಜನ ಫೋನ್ ತೆಗೀತಾರೆ ಅಂತ ಒಂದು ಪಕ್ಷ. ಊಟ, ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ, ವಿಶ್ವವಿದ್ಯಾಲಯದ ಸಂಘ ಅಂತ ಹೆಸರಿಟ್ಟುಕೊಂಡ ಮೇಲೆ ವಿದ್ಯೆಯ ಮಾತು ಒಂದಾದರೂ ಬೇಡವೇ ಅಂತ ಇನ್ನೊಂದು ಪಕ್ಷ. ಈ ಜಗಳಕ್ಕೆ ಬಿ.ಎಂ.ಶ್ರೀ. ಅವರ ಬದುಕಿಗಿಂತ ಹತ್ತಿರದ ಉದಾಹರಣೆ ನಮಗೆ ಹೊಳೆಯಲಿಲ್ಲ. ಅವರು ಬರೆದು ಮಾಡಿದ ಕೆಲಸದಷ್ಟೇ ಮಾತಾಡಿ ಮಾಡಿದ ಕೆಲಸ ಇದೆ. ನಿಜ ಹೇಳಬೇಕೆಂದರೆ ಮಾತಾಡಿ ಮಾಡಿದ್ದೇ ಹೆಚ್ಚು.

ಅವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಅದು ತಾಯಿ ಭಾಗೀರಥಮ್ಮನವರ ತವರು. ತಂದೆ ಮೈಲಾರಯ್ಯನವರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು; ಬಿ.ಎಂ. ಅನ್ನುವುದರಲ್ಲಿ ಬೆಳ್ಳೂರೂ ಇದೆ, ಮೈಲಾರಯ್ಯನೂ ಇದ್ದಾರೆ. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಹುಡುಗನ ಓದು ಶ್ರೀರಂಗಪಟ್ಟಣದಲ್ಲಿ, ಆಮೇಲೆ ಮೈಸೂರಿನಲ್ಲಿ, ಬಿ.ಎ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಕಾನೂನಿನ ಪದವಿ ಮತ್ತು ಎಂ.ಎ. ಮದರಾಸಿನಲ್ಲಿ. ವಕೀಲಿ ಮಾಡದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಕಲಿಸುತ್ತಿದ್ದ ವಿಷಯ ಇಂಗ್ಲಿಷ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಆ ಕಾಲದಲ್ಲಿ ಇಂಗ್ಲಿಷ್ ಪ್ರೊಫೆಸರ್ ಅಂದರೆ ಕಾಲೇಜಿನಲ್ಲಿ ಎಲ್ಲರಿಗಿಂತ ಎತ್ತರದ ಕುರ್ಚಿ. ಕನ್ನಡ ಪಂಡಿತರದ್ದು ಕೆಳಗಿನ ಬೆಂಚು, ಸಂಬಳವೂ ಹಾಗೇ. ಪಾಠ ಇಂಗ್ಲಿಷಿನಲ್ಲಿ, ಭಾಷಣ ಇಂಗ್ಲಿಷಿನಲ್ಲಿ, ಓದಿದವರು ಒಬ್ಬರಿಗೊಬ್ಬರು ಬರೆಯುವ ಕಾಗದವೂ ಇಂಗ್ಲಿಷಿನಲ್ಲಿ. ಕನ್ನಡ ಮನೆಯಲ್ಲಿ ಮತ್ತು ಮಾರುಕಟ್ಟೆಯಲ್ಲಿ. ಇದನ್ನು ಓದುವಾಗ ನಮಗೆ ಏನೂ ಆಶ್ಚರ್ಯ ಆಗಲಿಲ್ಲ ಅನ್ನೋದೇ ಸ್ವಲ್ಪ ಬೇಜಾರಿನ ಸಂಗತಿ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವರು ನಾವು. ಉಷ್ಣಗತಿಶಾಸ್ತ್ರದ ಎರಡನೇ ನಿಯಮವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳು ಅಂದರೆ ತಡವರಿಸುತ್ತೇವೆ.

1911ರಲ್ಲಿ ಇಪ್ಪತ್ತೇಳು ವರ್ಷದ ಈ ಇಂಗ್ಲಿಷ್ ಅಧ್ಯಾಪಕರು ಧಾರವಾಡಕ್ಕೆ ಹೋದರು. ಕರೆದಿದ್ದು ಕರ್ನಾಟಕ ವಿದ್ಯಾವರ್ಧಕ ಸಂಘ. ರಾ.ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಆ ಸಂಘ ಆಗಲೇ ಇಪ್ಪತ್ತು ದಾಟಿತ್ತು. ಇವತ್ತು ಮೈಸೂರಿಂದ ಧಾರವಾಡಕ್ಕೆ ಹೋಗೋದು ಒಂದು ರಾತ್ರಿಯ ರೈಲು ಪ್ರಯಾಣ. ಆಗ ಅದು ಇನ್ನೊಂದು ಸರ್ಕಾರದ ನಾಡು. ಮೈಸೂರು ಒಡೆಯರದ್ದು, ಧಾರವಾಡ ಮುಂಬಯಿ ಪ್ರಾಂತ್ಯದ್ದು, ಮಂಗಳೂರು, ಬಳ್ಳಾರಿ ಮದರಾಸಿನದ್ದು, ಕಲಬುರಗಿ ನಿಜಾಮನದ್ದು, ಕೊಡಗು ಬೇರೆಯೇ. ಧಾರವಾಡದ ಕಡೆ ಶಾಲೆಯಲ್ಲಿ ಮರಾಠಿಯ ನೆರಳು, ಕಲಬುರಗಿ ಕಡೆ ಉರ್ದುವಿನದು. ಒಂದು ಕಡೆ ಅಚ್ಚಾದ ಕನ್ನಡ ಪುಸ್ತಕ ಇನ್ನೊಂದು ಕಡೆಯವರ ಕೈಗೆ ಸಿಗುವುದೂ ಕಷ್ಟವಿತ್ತು.

ಅಲ್ಲಿ ಅವರು ಮಾಡಿದ ಉಪನ್ಯಾಸದ ಹೆಸರು ಕನ್ನಡ ಮಾತು ತಲೆ ಎತ್ತುವ ಬಗೆ. ಹೆಸರಿನಲ್ಲೇ ಒಂದು ಜಾಣತನ ಇದೆ ನೋಡಿ. ಕನ್ನಡದ ಹಿರಿಮೆ ಅಂತ ಇಟ್ಟಿದ್ದರೆ ಚಪ್ಪಾಳೆ ಸುಲಭವಾಗಿ ಸಿಗುತ್ತಿತ್ತು. ಬಗೆ ಅಂದರೆ ವಿಧಾನ, ದಾರಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೆಥಡ್. ಆ ಹೊತ್ತಿನ ಸಮಸ್ಯೆ ಎರಡು ಕಡೆಯದ್ದು. ಹಳಗನ್ನಡದ ಠೀವಿ ಬಿಟ್ಟರೆ ಸಾಹಿತ್ಯವೇ ಅಲ್ಲ ಅನ್ನುವ ಪಂಡಿತರ ಹಟ ಒಂದು. ಇಂಗ್ಲಿಷ್ ಓದಿದ ಮೇಲೆ ಕನ್ನಡದ ಗೊಡವೆ ಯಾಕೆ ಅನ್ನುವ ಪದವೀಧರರ ಉದಾಸೀನ ಇನ್ನೊಂದು. ಬಿ.ಎಂ.ಶ್ರೀ. ಹಿಡಿದಿದ್ದು ಹೊಸಗನ್ನಡದ ಪಕ್ಷ. ಜನ ಆಡುವ ಮಾತಿಗೆ ಹತ್ತಿರವಾದ ಭಾಷೆಯಲ್ಲಿ ಹೊಸ ಸಾಹಿತ್ಯ ಹುಟ್ಟಬೇಕು, ಅದಕ್ಕೆ ಇಂಗ್ಲಿಷ್ ಕಲಿತವರೇ ಹೆಗಲು ಕೊಡಬೇಕು ಅನ್ನೋದು ಅವರ ನಿಲುವು. ಇಂಗ್ಲಿಷನ್ನು ಬೈಯುವುದು ಅವರ ದಾರಿಯಲ್ಲ. ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನು ಕನ್ನಡಕ್ಕೆ ಹೊತ್ತು ತರುವುದು ಅವರ ದಾರಿ.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನಮ್ಮ ಕಾಸರಗೋಡು, ಮಂಗಳೂರಿನ ಗೆಳೆಯರು ಬಿಡುವುದಿಲ್ಲ. ಅದೇ 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಕವಿತೆಯಲ್ಲಿ ಪ್ರಾಸ ಬಿಟ್ಟರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು ಅನ್ನುವ ಹಳೆಯ ಕಟ್ಟುಪಾಡು ಅದು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲೂ ಕರಾವಳಿಯವರು ಮುಂದಿದ್ದರು. ಹಟ್ಟಿಯಂಗಡಿ ನಾರಾಯಣರಾಯರ ಆಂಗ್ಲ ಕವಿತಾವಳಿ ಬಂದಿದ್ದು 1919ರಲ್ಲಿ. ಹಾಗಾಗಿ ಬಿ.ಎಂ.ಶ್ರೀ. ಒಬ್ಬರೇ ನಿಂತು ಹೊಸ ಕಾವ್ಯ ಹುಟ್ಟಿಸಿದರು ಅಂತ ಪಠ್ಯಪುಸ್ತಕದ ಧಾಟಿಯಲ್ಲಿ ನಾವು ಹೇಳುವುದಿಲ್ಲ. ಆದರೆ 1926ರಲ್ಲಿ ಅವರ ಇಂಗ್ಲಿಷ್ ಗೀತಗಳು ಪುಸ್ತಕವಾಗಿ ಬಂದಾಗ ಆದದ್ದು ಬೇರೆ ಥರ. ಅದನ್ನು ತರುಣರು ಬಾಯಿಪಾಠ ಮಾಡಿದರು, ಹಾಡಿದರು, ಅದೇ ಲಯದಲ್ಲಿ ತಾವೂ ಬರೆಯಲು ಹೊರಟರು. ಕಾರ್ಡಿನಲ್ ನ್ಯೂಮನ್ ಬರೆದ ಪ್ರಾರ್ಥನೆಯೊಂದು ಆ ಪುಸ್ತಕದ ಮೂಲಕ ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು. ಅದು ಅನುವಾದ ಅಂತ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಅನುವಾದಕನಿಗೆ ಇದಕ್ಕಿಂತ ದೊಡ್ಡ ಬಹುಮಾನ ಏನಿದೆ?

ಈಗ ವಿಶ್ವವಿದ್ಯಾಲಯದ ಕಥೆ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ರಂದು. ಆಗ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಅವರ ದಿವಾನಗಿರಿಯಲ್ಲೇ, ಅದಕ್ಕೆ ಒಂದು ವರ್ಷ ಮೊದಲು, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. (ಇಂಜಿನಿಯರುಗಳಿಗೆ ಸಾಹಿತ್ಯ ಯಾಕೆ ಅಂತ ಕೇಳುವವರಿಗೆ ಇದನ್ನು ತೋರಿಸಬಹುದು.) ವಿಶ್ವವಿದ್ಯಾನಿಲಯಕ್ಕೆ ಶುರುವಿನಲ್ಲಿ ಇದ್ದದ್ದು ಎರಡೇ ಕಾಲೇಜು: ಕಲೆಗೆ ಮೈಸೂರಿನ ಮಹಾರಾಜಾ, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್. ಸ್ವಾರಸ್ಯ ಏನೆಂದರೆ, ಕಾಲೇಜು ಹುಡುಗರ ಕನ್ನಡ ಸಂಘ ಗಟ್ಟಿಯಾಗಿ ಬೇರು ಬಿಟ್ಟಿದ್ದು ವಿಜ್ಞಾನದ ಕಾಲೇಜಿನಲ್ಲಿ. ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿ, 1919ರಲ್ಲಿ ಪ್ರಬುದ್ಧ ಕರ್ನಾಟಕ ಅನ್ನುವ ಪತ್ರಿಕೆ ಹೊರಡಿಸಿದರು. ಅದು ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬೆಳೆಯಿತು. ಕಾಲೇಜು ಸಂಘವೊಂದರ ಪತ್ರಿಕೆ! ನಮ್ಮ ಈ ಪುಸ್ತಿಕೆಯನ್ನು ಅದರ ಪಕ್ಕದಲ್ಲಿ ಇಡುವ ಧೈರ್ಯ ನಮಗಿಲ್ಲ, ಆದರೆ ವಂಶವೃಕ್ಷ ಅದೇ ಅಂತ ಹೇಳಿಕೊಳ್ಳಬಹುದು.

1926ರಿಂದ 1930ರವರೆಗೆ ಬಿ.ಎಂ.ಶ್ರೀ. ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ರಿಜಿಸ್ಟ್ರಾರ್ ಕೆಲಸ ಅಂದರೆ ಕಡತ, ಪರೀಕ್ಷೆ, ಸುತ್ತೋಲೆ. ಕವಿಗೆ ಹೇಳಿ ಮಾಡಿಸಿದ ಕೆಲಸ ಅಲ್ಲ. ಆದರೆ 1927ರಲ್ಲಿ ಕನ್ನಡ ಎಂ.ಎ. ತರಗತಿ ಶುರುವಾಗಿದ್ದು ಆ ಅವಧಿಯಲ್ಲೇ, ಮತ್ತು ಅದರ ಹಿಂದೆ ಇವರ ಒತ್ತಾಸೆ ಇತ್ತು. ಕನ್ನಡದ ನಾಡಿನಲ್ಲಿ ಇದ್ದ ವಿಶ್ವವಿದ್ಯಾನಿಲಯಕ್ಕೆ ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಕೊಡಲು ಹನ್ನೊಂದು ವರ್ಷ ಹಿಡಿಯಿತು. ತರಗತಿ ತೆರೆದರಷ್ಟೇ ಸಾಲದು, ಓದುವವರು ಬರಬೇಕಲ್ಲ. ಕನ್ನಡ ಎಂ.ಎ. ಮಾಡಿ ಏನು ಮಾಡ್ತೀಯಾ ಅಂತ ಮನೆಯವರು ಕೇಳುವ ಪ್ರಶ್ನೆ ಆಗಲೂ ಇದ್ದಿರಲೇಬೇಕು. ಜಾಣ ಹುಡುಗರನ್ನು ಹುಡುಕಿ ಅತ್ತ ತಿರುಗಿಸುವುದನ್ನು ಬಿ.ಎಂ.ಶ್ರೀ. ಒಂದು ವ್ರತದ ಹಾಗೆ ಮಾಡಿದರು. ತತ್ತ್ವಶಾಸ್ತ್ರದ ಕಡೆ ಒಲವಿದ್ದ ಕುಪ್ಪಳಿಯ ಪುಟ್ಟಪ್ಪ ಕನ್ನಡ ಎಂ.ಎ. ಸೇರಿ 1929ರಲ್ಲಿ ಮುಗಿಸಿದರು. ಆ ಪುಟ್ಟಪ್ಪ ಮುಂದೆ ಯಾರಾದರು ಅಂತ ನಾವು ಹೇಳಬೇಕಾಗಿಲ್ಲ. ಡಿ.ಎಲ್. ನರಸಿಂಹಾಚಾರ್ಯರೂ ಆ ಮೊದಲ ದಿನಗಳವರೇ. ಅವರಿಗೆಲ್ಲ ಪಾಠ ಹೇಳಿದ ಕನ್ನಡ ಪ್ರಾಧ್ಯಾಪಕರು ಟಿ.ಎಸ್. ವೆಂಕಣ್ಣಯ್ಯನವರು. ಬಿ.ಎಂ.ಶ್ರೀ. ಇದ್ದದ್ದು ಇಂಗ್ಲಿಷ್ ವಿಭಾಗದಲ್ಲಿ, ಕೆಲಸ ನಡೆದದ್ದು ಕನ್ನಡ ವಿಭಾಗದಲ್ಲಿ. ಕನ್ನಡದ ಕಣ್ವ ಅಂತ ಅವರನ್ನು ಕರೆಯುತ್ತಾರೆ; ಶಕುಂತಲೆ ಕಣ್ವನ ಹೊಟ್ಟೆಯ ಮಗಳಲ್ಲ, ಸಾಕಿದ ಮಗಳು. ಬಿರುದುಗಳಲ್ಲಿ ಇಷ್ಟು ಲೆಕ್ಕ ಸರಿಹೋಗುವುದು ಅಪರೂಪ.

ತರಗತಿಯ ಒಳಗಿನ ಕೆಲಸ ಇದು. ಹೊರಗೆ ಅವರು ಊರೂರು ಸುತ್ತಿ ಕನ್ನಡದ ಬಗ್ಗೆ ಮಾತಾಡಿದರು. ಶುಲ್ಕ ಕಟ್ಟಿದವರಿಗೆ ಮಾತ್ರ ವಿಶ್ವವಿದ್ಯಾನಿಲಯ ಅಲ್ಲ, ಅದರ ಖರ್ಚು ಹೊರುವ ರೈತನಿಗೂ ಅಲ್ಲಿನ ಮಾತು ಕೇಳಿಸಬೇಕು ಅನ್ನುವ ಯೋಚನೆ ಆ ತಲೆಮಾರಿನ ಅಧ್ಯಾಪಕರಲ್ಲಿ ಬಲವಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆ ಬೆಳೆದಿದ್ದು ಇದೇ ಯೋಚನೆಯಿಂದ. ಅಧ್ಯಾಪಕರು ಊರುಗಳಿಗೆ ಹೋಗಿ ಸರಳ ಕನ್ನಡದಲ್ಲಿ ಉಪನ್ಯಾಸ ಮಾಡುವುದು, ಆಮೇಲೆ ಅದನ್ನೇ ಕೈಗೆಟುಕುವ ಬೆಲೆಯ ಸಣ್ಣ ಪುಸ್ತಕವಾಗಿ ಅಚ್ಚು ಹಾಕುವುದು. ನಮ್ಮಲ್ಲಿ ಕೆಲವರ ಅಜ್ಜನ ಮನೆಯ ಅಟ್ಟದಲ್ಲಿ ಅಂಥ ತೆಳು ಪುಸ್ತಕಗಳು ಇನ್ನೂ ಇವೆ. ಹಾಳೆ ಹಳದಿಯಾಗಿ, ಅಂಚು ಮುರಿಯುತ್ತಾ.

ಈ ಕಡೆ, ಅಂದರೆ ನಾವಿರುವ ಕತಾರಿನ ಕಡೆ ಸ್ವಲ್ಪ ಬರೋಣ. ಅಲ್ ವುಕೈರ್‌ನಲ್ಲಿ ಬಾಡಿಗೆ ಮನೆ ಹಂಚಿಕೊಂಡಿರುವ ನಮ್ಮ ಗುಂಪಿಗೆ ಸಂಜೆ ಒಂದು ಸಾರ್ವಜನಿಕ ಉಪನ್ಯಾಸ ಕೇಳಬೇಕು ಅಂದರೆ ಮೊದಲು ಬಸ್ಸಿನಲ್ಲಿ ಅಲ್ ವಕ್ರಾ ಮೆಟ್ರೋ ನಿಲ್ದಾಣ, ಅಲ್ಲಿಂದ ಕೆಂಪು ಮಾರ್ಗದಲ್ಲಿ ಮುಶೈರಿಬ್, ಅಲ್ಲಿ ಬದಲಾಯಿಸಿ ಹಸಿರು ಮಾರ್ಗದಲ್ಲಿ ಎಜುಕೇಷನ್ ಸಿಟಿ. ಜಾರ್ಜ್‌ಟೌನ್ ಕತಾರ್, ಹಮದ್ ಬಿನ್ ಖಲೀಫಾ ವಿಶ್ವವಿದ್ಯಾಲಯ, ಕತಾರ್ ರಾಷ್ಟ್ರೀಯ ಗ್ರಂಥಾಲಯ ಎಲ್ಲ ಅಲ್ಲೇ. ಇತಿಹಾಸ, ಸಾಹಿತ್ಯ, ವಲಸೆ, ಹಿಂದೂ ಮಹಾಸಾಗರದ ವ್ಯಾಪಾರ ಹೀಗೆ ನಮ್ಮ ಪದವಿಗೆ ಸಂಬಂಧವಿಲ್ಲದ ವಿಷಯಗಳ ಮೇಲೆ ಮಾತು ಕೇಳಲು ಯಾರೂ ಟಿಕೆಟ್ ಕೇಳುವುದಿಲ್ಲ. ನಾವು ಹೋಗುತ್ತೇವೆ, ಒಳ್ಳೆಯ ಕಾಫಿಯೂ ಸಿಗುತ್ತದೆ. ಗಮನಿಸಿದ್ದು ಏನೆಂದರೆ, ಇಲ್ಲಿಯವರಿಗೂ ಬಿ.ಎಂ.ಶ್ರೀ. ಕಾಲದ್ದೇ ತಲೆನೋವು ಇದೆ. 2012ರಲ್ಲಿ ಕತಾರ್ ವಿಶ್ವವಿದ್ಯಾಲಯದ ಕಾನೂನು, ವಾಣಿಜ್ಯ, ಮಾಧ್ಯಮದಂಥ ವಿಷಯಗಳ ಬೋಧನೆಯನ್ನು ಇಂಗ್ಲಿಷಿನಿಂದ ಅರಬ್ಬಿಗೆ ತಿರುಗಿಸಿದರು. 2019ರಲ್ಲಿ ಅರಬ್ಬಿ ಭಾಷೆಯ ರಕ್ಷಣೆಗೆ ಅಂತಲೇ ಒಂದು ಕಾನೂನು ಬಂತು. ಹಣ, ಅಧಿಕಾರ, ಸ್ವಂತ ದೇಶ ಎಲ್ಲ ಇರುವ ಭಾಷೆಗೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ಇಷ್ಟು ಕಾಯಬೇಕಾಗಿ ಬಂದರೆ, 1911ರಲ್ಲಿ ಐದು ಸರ್ಕಾರಗಳ ನಡುವೆ ಹರಿದು ಹಂಚಿಹೋಗಿದ್ದ ಕನ್ನಡದ ಸ್ಥಿತಿ ಹೇಗಿದ್ದೀತು!

ಆ ಹರಿದ ತುಂಡುಗಳಲ್ಲಿ ಒಂದಾದ ಕಲಬುರಗಿಯಲ್ಲಿ 1928ರಲ್ಲಿ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಬಿ.ಎಂ.ಶ್ರೀ. ನಿಜಾಮನ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು ಆಗಿದ್ದ ಊರಿನಲ್ಲಿ, ಮೈಸೂರು ಸಂಸ್ಥಾನದ ವಿಶ್ವವಿದ್ಯಾನಿಲಯದ ಅಧಿಕಾರಿಯೊಬ್ಬರು ಕನ್ನಡದ ವೇದಿಕೆಯಲ್ಲಿ ನಿಂತದ್ದು ಸಣ್ಣ ಸಂಗತಿಯಲ್ಲ. ಕರ್ನಾಟಕ ಒಂದಾಗಿದ್ದು 1956ರಲ್ಲಿ. ಅದಕ್ಕೆ ಇಪ್ಪತ್ತೆಂಟು ವರ್ಷ ಮುಂಚೆ ಸಮ್ಮೇಳನದ ಚಪ್ಪರದ ಕೆಳಗೆ ಮೂರು ದಿನದ ಮಟ್ಟಿಗಾದರೂ ಅದು ಒಂದಾಗುತ್ತಿತ್ತು. ಹಾಗೆ ನೋಡಿದರೆ ಭಾಷಣ, ಸಮ್ಮೇಳನ, ಸಂಘ ಇವೇ ಆಗಿನ ಕರ್ನಾಟಕ. ಭೂಪಟದಲ್ಲಿ ಬೇರೆ ಇರಲಿಲ್ಲ.

ಅವರ ನಾಟಕಗಳ ವಿಷಯ ಚುಟುಕಾಗಿ ಹೇಳುತ್ತೇವೆ, ಯಾಕೆಂದರೆ ಅವನ್ನು ಪೂರ್ತಿ ಓದುವುದು ನಮಗೆ ಸುಲಭವಾಗಲಿಲ್ಲ. ರನ್ನನ ಕಾವ್ಯದಿಂದ ಗದಾಯುದ್ಧ ನಾಟಕ ಮಾಡಿದರು. ಸೋಫೋಕ್ಲಿಸನ ಏಜಾಕ್ಸ್ ನಾಟಕದ ಅಚ್ಚಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ಇಟ್ಟು ಅಶ್ವತ್ಥಾಮನ್ ಬರೆದರು, 1929ರಲ್ಲಿ. ಹೊಸಗನ್ನಡದ ಪರವಾಗಿ ಅಷ್ಟು ವಾದಿಸಿದವರು ಆ ನಾಟಕಕ್ಕೆ ಹಳಗನ್ನಡದ ನುಡಿಯನ್ನೇ ಹಿಡಿದದ್ದು ವಿಚಿತ್ರ ಅನಿಸುತ್ತದೆ. ಗ್ರೀಕ್ ದುರಂತದ ಗಾಂಭೀರ್ಯಕ್ಕೆ ಅದೇ ಸರಿ ಅಂತ ಅವರಿಗೆ ತೋರಿರಬೇಕು. 1935ರಲ್ಲಿ ಬಂದ ಪಾರಸಿಕರು ಈಸ್ಕಿಲಸನ ನಾಟಕ. ಗ್ರೀಕರು ತಾವು ಗೆದ್ದ ಯುದ್ಧದ ಕಥೆಯನ್ನು ಸೋತ ಪರ್ಷಿಯನ್ನರ ಅರಮನೆಯಲ್ಲಿ ನಿಂತು, ಅವರ ಗೋಳಾಗಿ ಹೇಳುವ ನಾಟಕ ಅದು. ಕ್ರಿಸ್ತಪೂರ್ವ 472ರಲ್ಲಿ ಅಥೆನ್ಸಿನಲ್ಲಿ ಆಡಿದ್ದು. ವಕ್ರಾದ ಕಡಲತೀರದಲ್ಲಿ ಕೂತಾಗ ನಮಗೆ ಇದು ನೆನಪಾಗುತ್ತದೆ: ಈ ನೀರಿನ ಆಚೆ ದಡವೇ ಆ ಪಾರಸಿಕರ ನಾಡು, ಅವರ ದುಃಖವನ್ನು ಬೆಂಗಳೂರಿನ ಒಬ್ಬ ಮೇಷ್ಟ್ರು ಕನ್ನಡದಲ್ಲಿ ಆಡಿಸಿದರು. ಶತ್ರುವಿನ ಕಣ್ಣೀರನ್ನು ನೋಡಬಲ್ಲ ನಾಟಕವನ್ನೇ ಹುಡುಕಿ ತಂದರಲ್ಲ, ಆ ಆಯ್ಕೆ ನಮಗೆ ತುಂಬ ಹಿಡಿಸಿತು.

1938ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರಾಜಸೇವಾಸಕ್ತ ಅನ್ನುವ ಬಿರುದು ಕೊಟ್ಟರು. ಬಿ.ಎಂ.ಶ್ರೀ. ರಾಜಭಕ್ತರು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಸಂಸ್ಥಾನದ ಉದ್ಯೋಗಿಯಾಗಿ, ಸಂಸ್ಥಾನದ ಹಣದಿಂದ, ಸಂಸ್ಥಾನದ ಒಳಗಿದ್ದುಕೊಂಡೇ ಕನ್ನಡದ ಕೆಲಸ ಮಾಡಿದವರು. ಸ್ವಾತಂತ್ರ್ಯ ಚಳವಳಿಯ ಕಾವು ಏರಿದ್ದ ದಿನಗಳಲ್ಲಿ ಬಿರುಸಾದ ತರುಣರಿಗೆ ಈ ಸೌಮ್ಯ ದಾರಿ ಸಪ್ಪೆ ಅನಿಸಿದ್ದರೆ ಆಶ್ಚರ್ಯವಿಲ್ಲ. ನಮಗೂ ಅಲ್ಲಲ್ಲಿ ಹಾಗೆ ಅನಿಸಿತು. ಆದರೆ ಸಂಸ್ಥೆಯ ಒಳಗೆ ಕೂತು ನಿಯಮ ಬದಲಾಯಿಸುವ ಕೆಲಸವೂ ಯಾರಾದರೂ ಮಾಡಲೇಬೇಕಲ್ಲ, ಕನ್ನಡ ಎಂ.ಎ. ಬೀದಿಯಲ್ಲಿ ಹುಟ್ಟಲಿಲ್ಲ, ಸಭೆಯ ಮೇಜಿನ ಮೇಲೆ ಹುಟ್ಟಿತು.

ಅದೇ 1938ರಿಂದ ಅವರು ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದರ ಹೊಣೆ ಹೊತ್ತರು. ಅವರ ಕಾಲದಲ್ಲಿ ಕನ್ನಡ ನುಡಿ ಪತ್ರಿಕೆ ಶುರುವಾಯಿತು, ಮಹಿಳಾ ಶಾಖೆ ಬಂತು, ಕಾವ, ಜಾಣ ಅಂತ ಪರೀಕ್ಷೆಗಳು ಬಂದವು. ಈ ಪರೀಕ್ಷೆಗಳ ಬಗ್ಗೆ ಒಂದು ಮಾತು. ಕಾಲೇಜಿಗೆ ಹೋಗಲಾಗದ ಗುಮಾಸ್ತ, ಅಂಗಡಿಯವ, ಮನೆಯಲ್ಲೇ ಉಳಿದ ಹೆಣ್ಣುಮಗಳು ತಾವೇ ಓದಿಕೊಂಡು ಕನ್ನಡದಲ್ಲಿ ಒಂದು ಯೋಗ್ಯತಾಪತ್ರ ಪಡೆಯಲು ಅದು ದಾರಿ. ಇವತ್ತು ಆನ್‌ಲೈನ್ ಕೋರ್ಸ್ ಅಂತ ನಾವು ಮೆರೆಯುವುದರ ಅಂಚೆ ಕಾಲದ ರೂಪ. ಹೆಸರನ್ನಾದರೂ ನೋಡಿ, ಜಾಣ! ಯಾವ ವಿಶ್ವವಿದ್ಯಾಲಯದ ಪ್ರಮಾಣಪತ್ರದಲ್ಲಿ ಇಷ್ಟು ಮುದ್ದಾದ ಹೆಸರಿದೆ? 1941ರಲ್ಲಿ ಶಿಷ್ಯರು, ಗೆಳೆಯರು ಸೇರಿ ಅವರಿಗೆ ಸಂಭಾವನೆ ಅನ್ನುವ ಗೌರವಗ್ರಂಥ ಅರ್ಪಿಸಿದರು. ಅಂಥ ಅಭಿನಂದನ ಗ್ರಂಥಗಳು ಕನ್ನಡದಲ್ಲಿ ಆಮೇಲೆ ಧಾರಾಳವಾಗಿ ಬಂದವು. ಆಗ ಅದು ಹೊಸದು. 1942ರಲ್ಲಿ ನಿವೃತ್ತರಾದರು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಗುಂಪಿನಲ್ಲಿ ಒಬ್ಬಳು ಎತ್ತಿದ ಪ್ರಶ್ನೆ ಇಲ್ಲಿ ಬರೆಯಲೇಬೇಕು. ಊರೂರಿಗೆ ಹೋಗಿ ಮಾತಾಡುವುದರಲ್ಲಿ, ಸಮಿತಿಗಳಲ್ಲಿ ಕೂರುವುದರಲ್ಲಿ, ಬೇರೆಯವರ ಹಸ್ತಪ್ರತಿ ತಿದ್ದುವುದರಲ್ಲಿ ಮೂವತ್ತು ವರ್ಷ ಕಳೆದರಲ್ಲ, ಅವರ ಸ್ವಂತ ಬರವಣಿಗೆ ಏನಾಯಿತು? ಪ್ರಶ್ನೆ ನ್ಯಾಯವಾದದ್ದೇ. ಹೊಂಗನಸುಗಳು ಅನ್ನುವ ಒಂದು ತೆಳ್ಳಗಿನ ಸಂಕಲನ ಬಿಟ್ಟರೆ ಸ್ವಂತ ಕವಿತೆ ಕಡಿಮೆ. ಬರೆಯಲು ಹೊರಟ ಕನ್ನಡ ಸಾಹಿತ್ಯ ಚರಿತ್ರೆ ಪೂರ್ತಿಯಾಗಲಿಲ್ಲ. ಕುವೆಂಪು, ಬೇಂದ್ರೆ, ಮಾಸ್ತಿಯವರ ಪಕ್ಕದಲ್ಲಿ ಅವರ ಪುಸ್ತಕಗಳ ಸಾಲು ಗಿಡ್ಡವಾಗಿ ಕಾಣುತ್ತದೆ. ಅಳತೆಗೋಲು ಪುಸ್ತಕವಾದರೆ ಅವರು ಎರಡನೇ ಸಾಲಿನವರು ಅಂತ ವಾದಿಸಬಹುದು, ನಾವು ಜಗಳಕ್ಕೆ ಬರುವುದಿಲ್ಲ. ಆದರೆ ಆ ಮೊದಲ ಸಾಲಿನವರಿಗೆ ಓದುಗರನ್ನು, ತರಗತಿಯನ್ನು, ಪತ್ರಿಕೆಯನ್ನು, ಕೇಳುವ ಸಭೆಯನ್ನು ಸಿದ್ಧಮಾಡಿ ಇಟ್ಟವರಲ್ಲಿ ಇವರು ಮುಂಚೂಣಿಯಲ್ಲಿದ್ದರು. ಅದಕ್ಕೆ ಅವರು ಕೊಟ್ಟ ಬೆಲೆ ತಮ್ಮದೇ ಪುಸ್ತಕಗಳು. ತಿಳಿದೇ ಕೊಟ್ಟರು ಅಂತ ನಮ್ಮ ಅನಿಸಿಕೆ. ಆಡಿದ ಮಾತು ಸಭೆ ಮುಗಿದ ಕೂಡಲೇ ಗಾಳಿಗೆ ಹೋಗುತ್ತದೆ ಅಂತ ಮೂವತ್ತು ವರ್ಷ ಪಾಠ ಮಾಡಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಕೂತು ಸಾಹಿತ್ಯ ಚರಿತ್ರೆ ಮುಗಿಸಬಹುದಿತ್ತು. 1944ರಲ್ಲಿ ಧಾರವಾಡದಿಂದ ಕರೆ ಬಂತು, ಕೆ.ಇ. ಬೋರ್ಡಿನವರು ತೆರೆದ ಹೊಸ ಕಲಾ ಕಾಲೇಜಿಗೆ ಪ್ರಿನ್ಸಿಪಾಲರು ಬೇಕಾಗಿದ್ದರು. ಅರುವತ್ತು ವಯಸ್ಸು. ಹೋದರು. ಯುದ್ಧದ ಕಾಲ, ಧಾನ್ಯಕ್ಕೂ ಕಾಗದಕ್ಕೂ ಬರ, ಹೊಸ ಕಾಲೇಜಿನ ನೂರೆಂಟು ತಾಪತ್ರಯ. ಧಾರವಾಡ ಆಗಲೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು, ಮೈಸೂರಿನವರಿಗೆ ಆಗಲೂ ಅದು ಹೊರನಾಡೇ.

ಅಲ್ಲೇ, 1946ರ ಜನವರಿ 5ರಂದು, ಅರುವತ್ತೆರಡು ತುಂಬಿದ ಎರಡನೇ ದಿನ ತೀರಿಕೊಂಡರು. ಇಪ್ಪತ್ತೇಳರ ವಯಸ್ಸಿನಲ್ಲಿ ಕನ್ನಡದ ಪರವಾಗಿ ಮಾತಾಡಿದ ಅದೇ ಊರಿನಲ್ಲಿ. ಪ್ರಧಾನ ಸಂಪಾದಕರಾಗಿ ಅವರು ದುಡಿದಿದ್ದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಆ ವರ್ಷವೇ ಹೊರಬಂತು. ಅರ್ಧಕ್ಕೆ ನಿಂತ ಸಾಹಿತ್ಯ ಚರಿತ್ರೆಯನ್ನು ಮರುವರ್ಷ ಹಾಗೆಯೇ ಅಚ್ಚು ಹಾಕಿದರು. ಬೆಂಗಳೂರಿನ ಎನ್.ಆರ್. ಕಾಲೊನಿಯಲ್ಲಿ ಅವರ ಶಿಷ್ಯ ಎಂ.ವಿ. ಸೀತಾರಾಮಯ್ಯನವರು ಕಟ್ಟಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಇದೆ. ರಜೆಗೆ ಊರಿಗೆ ಹೋದಾಗ ಬಸವನಗುಡಿಯ ಕಡೆ ಹೋದರೆ ಹೊಕ್ಕು ಬನ್ನಿ. ಉಪನ್ಯಾಸಗಳು ಅಲ್ಲಿ ನಡೆಯುತ್ತಿರುತ್ತವೆ.